ಚೆನ್ನಾಗಿದೆಯಲ್ಲ, ಇರ್ಲಿ ಬಿಡಿ ಅನ್ನೋರಿಗೆ

ಇವತ್ತು ಕಕ್ಕಡ 18, ಅಂದ್ರೆ ನಮ್ಮ ಕೊಡಗಲ್ಲಿ ಕಕ್ಕಡ ತಿಂಗಳ 18ನೇ ದಿನ, ಮದ್ದು ಸೊಪ್ಪಿನ ಪಾಯಸ ಮಾಡೋ ದಿನ. ಬೆಳಿಗ್ಗೆ ಮಡಿಕೇರಿಗೆ ಹೋಗಿ ಮದ್ದು ಸೊಪ್ಪಿನ ಕಟ್ಟು ತಗೊಂಡು ವಾಪಸ್ ಬರ್ತಾ ದಾರೀಲಿ ಒಂದು ನರ್ಸರಿ ಮುಂದೆ ಗಾಡಿ ನಿಲ್ಸಿದ್ವಿ, ಲಾವಂಚದ ಸಸಿ ಸಿಗತ್ತಾ ಕೇಳೋಣ ಅಂತ. ಲಾವಂಚ ಇರ್ಲಿಲ್ಲ. ಆದ್ರೆ ಬಾಗಿಲಲ್ಲೇ ಸಾಲಾಗಿ ಕವರಲ್ಲಿ ಜೋಡಿಸಿಟ್ಟಿದ್ದು ಏನು ಗೊತ್ತಾ, ಫೆಬ್ರವರಿಯಿಂದ ನಾನು ಸೊಂಟ ಮುರ್ಕೊಂಡು ಕೀಳ್ತಾ ಇರೋ ಅದೇ ಹಳದಿ ಹೂವಿನ ಬಳ್ಳಿ. ಒಂದಕ್ಕೆ 40 ರೂಪಾಯಿ. "ತಗೊಳಿ ಮೇಡಂ, ಇದಕ್ಕೆ ಏನೂ ಮಾಡೋದು ಬೇಡ, ಗೊಬ್ಬರ ಬೇಡ ನೀರು ಬೇಡ, ಒಂದೇ ವರ್ಷದಲ್ಲಿ ಬರೆ ಪೂರ್ತಿ ಮುಚ್ಚತ್ತೆ" ಅಂದ ಅಲ್ಲಿದ್ದ ಹುಡುಗ (ಬರೆ ಅಂದ್ರೆ ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು). ಅವನು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಗೆ ಮೈ ಉರಿದಿದ್ದೇ ಅದಕ್ಕೆ. ಮನೆಗೆ ಬಂದು ಮದ್ದು ಸೊಪ್ಪು ಕುದಿಯೋಕೆ ಇಟ್ಟು ಇದನ್ನ ಬರೀತಾ ಇದೀನಿ.

ನಮ್ಮ ಮನೆ ಕಥೆ ನಿಮಗೆಲ್ಲ ಗೊತ್ತಿರೋದೇ. 19 ವರ್ಷ ಕ್ವಾರ್ಟರ್ಸು, ಬಾಡಿಗೆ ಮನೆ ಅಂತ ತಿರುಗಿ, ನಮ್ಮನೆಯವರ ಪಿಎಫ್ ದುಡ್ಡು, ನನ್ನ ಬಳೆ ಎಲ್ಲಾ ಸೇರಿ ಈ ಜನವರೀಲಿ ಮಾದಾಪುರದ ಹತ್ರ 22 ಸೆಂಟ್ ಜಾಗ, ಒಂದು ಹಳೇ ಹೆಂಚಿನ ಮನೆ. ಹಿಂದೆ ಬರೆ, ಬರೆ ಕೆಳಗೆ ತೋಡು, ಅಂದ್ರೆ ಸಣ್ಣ ಹಳ್ಳ. ನೋಡೋಕೆ ಹೋದ ದಿನ ಹಿತ್ತಲ ತುಂಬ ಹಳದಿ ಹೂವು ಹಾಸಿದ ಹಾಗಿತ್ತು, ನಂಗೆ ಅಲ್ಲೇ ಮನಸ್ಸು ನಿಂತು ಹೋಯ್ತು. ಆರ್‌ಟಿಸಿ, ಇಸಿ, ಸರ್ವೆ ಸ್ಕೆಚ್ ಎಲ್ಲಾ ಲಾಯರ್ ಹತ್ರ ತೋರ್ಸಿದ್ವಿ, ಏಪ್ರಿಲಲ್ಲಿ ಬಾವೀಲಿ ನೀರು ಎಷ್ಟಿರತ್ತೆ ಕೇಳಿದ್ವಿ, 2018ರಲ್ಲಿ ಈ ಬರೆ ಏನಾದ್ರೂ ಜರಿದಿತ್ತಾ ಅಂತ ಅಕ್ಕಪಕ್ಕದ ಮೂರು ಮನೇಲಿ ವಿಚಾರಿಸಿದ್ವಿ. ನೆಲದ ಮೇಲೆ ಬೆಳೆದಿರೋದು ಏನು ಅಂತ ಮಾತ್ರ ಕೇಳ್ಲಿಲ್ಲ. ಮಾರಿದವರೂ ಬಾಯಿ ಬಿಡ್ಲಿಲ್ಲ. ಬ್ರೋಕರ್ ಅಂತೂ "ಗಾರ್ಡನ್ ರೆಡಿ ಇದೆ ಅಕ್ಕ, ನೀವು ಕೈ ಹಾಕೋದೇ ಬೇಡ" ಅಂದಿದ್ದ.

ಬೀನ್ಸಿಗೆ ಒಂದು ಪಾತಿ ಮಾಡೋಣ ಅಂತ ಗುದ್ದಲಿ ಹಾಕಿದಾಗಲೇ ಗೊತ್ತಾಗಿದ್ದು. ಆ ಬಳ್ಳಿಗೆ ಗೆಣ್ಣು ಗೆಣ್ಣಿಗೂ ಬೇರು. ಎಳೆದ್ರೆ ಒಂದು ಮೊಳ ಬಂದು ತುಂಡಾಗತ್ತೆ, ಮಣ್ಣಲ್ಲಿ ಉಳಿದ ತುಂಡು ಹದಿನೈದು ದಿನಕ್ಕೆ ಮತ್ತೆ ತಲೆ ಎತ್ತತ್ತೆ. ಗೊತ್ತಿಲ್ಲದೆ ನಾನು ಕಿತ್ತಿದ್ದನ್ನೆಲ್ಲ ತೋಡಿನ ಬದೀಲಿ ರಾಶಿ ಹಾಕಿದ್ದೆ, ಒಣಗಿದ ಮೇಲೆ ಸುಡೋಣ ಅಂತ. ಜೂನ್ ಮಳೆಗೆ ಆ ರಾಶಿ ಒಣಗೋ ಬದಲು ಚಿಗುರ್ತು, ಅರ್ಧ ತೋಡಲ್ಲಿ ಕೊಚ್ಕೊಂಡು ಹೋಯ್ತು. ಆ ತೋಡು ಹೋಗಿ ಸೇರೋದು ಮಾದಾಪುರ ಹೊಳೆಗೆ, ಅದು ಹಾರಂಗಿಗೆ, ಹಾರಂಗಿ ಕಾವೇರಿಗೆ. ಅದನ್ನ ನೆನೆಸ್ಕೊಂಡು ಎರಡು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ, ನಿಜ ಹೇಳ್ತೀನಿ.

ಇದಕ್ಕೆ ಸಿಂಗಾಪುರ್ ಡೈಸಿ ಅಂತಾರೆ, ವೆಡೇಲಿಯಾ ಅಂತಾನೂ ಅಂತಾರೆ. ಪುಸ್ತಕದ ಹೆಸರು ಸ್ಫ್ಯಾಗ್ನೆಟಿಕೋಲ ಟ್ರೈಲೋಬೇಟ, ಎಲೆಗೆ ಮೂರು ಮೂಲೆ ಇರೋದ್ರಿಂದ. ಸಿಂಗಾಪುರಕ್ಕೂ ಇದರ ಹುಟ್ಟಿಗೂ ಸಂಬಂಧ ಇಲ್ಲ, ಮೂಲ ಮೆಕ್ಸಿಕೋ, ಮಧ್ಯ ಅಮೆರಿಕ, ಕೆರಿಬಿಯನ್ ಕಡೆದು. ಚೆಂದಕ್ಕೆ, ನೆಲ ಮುಚ್ಚೋಕೆ ಅಂತ ಜನಾನೇ ಊರೂರಿಗೆ ಹೊತ್ಕೊಂಡು ಹೋಗಿದ್ದು. ಬೀಜದಿಂದ ಹರಡೋದು ಕಮ್ಮಿ, ತುಂಡಿಂದಾನೇ ಹೆಚ್ಚು. ಅಂದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇದನ್ನ ದಾಟಿಸೋದು ಬಹುಪಾಲು ನಮ್ಮ ಕೈ, ನಮ್ಮ ಕತ್ತಿ, ನಾವು ಎಸೆಯೋ ಕಸ, ನಮ್ಮ ತೋಡಿನ ನೀರು. ಇಡೀ ಪ್ರಪಂಚದಲ್ಲಿ ಹೊರಗಿಂದ ಬಂದು ಹಾವಳಿ ಎಬ್ಬಿಸಿದ 100 ಜೀವಿಗಳ ಪಟ್ಟಿ ಒಂದನ್ನ ಐಯುಸಿಎನ್ ಅನ್ನೋ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ತಜ್ಞರು 2000ದಲ್ಲಿ ಮಾಡಿದ್ರು, ಅದರಲ್ಲಿ ಇದೂ ಇದೆ. ಆ ಪಟ್ಟಿ ಹಿಡ್ಕೊಂಡು ಒಂದಿನ ಹಿತ್ತಲೆಲ್ಲ ಸುತ್ತಿದೆ. ಬೇಲೀಲಿ ಲಂಟಾನ, ಪಟ್ಟೀಲಿದೆ. ಗೇಟಿನ ಹತ್ರ ಕಮ್ಯುನಿಸ್ಟ್ ಗಿಡ, ಅದೂ ಇದೆ. ಪಕ್ಕದ ತೋಟದ ಕಾಫಿ ಗಿಡದ ಮೇಲಿಂದ ನಮ್ಮ ಪೇರಳೆ ಮರಕ್ಕೆ ಹತ್ತಿರೋ ಮೈಕೇನಿಯ ಬಳ್ಳಿ, ಅದೂ ಇದೆ. ಆ ತೋಟಕ್ಕೆ ಕೆಲಸಕ್ಕೆ ಬರೋ ವಯನಾಡಿನ ಚೇಟ ಒಬ್ರು ಅದಕ್ಕೆ ಅವರ ಕಡೆ ಧೃತರಾಷ್ಟ್ರ ಪಚ್ಚ ಅಂತೀವಿ ಅಂದ್ರು. ಧೃತರಾಷ್ಟ್ರ ಆಲಿಂಗನ ಅಂತ ನಾವೂ ಅಂತೀವಲ್ಲ. ಪೇರಳೆ ಮರ ನೋಡಿದ್ರೆ ಆ ಹೆಸರು ಯಾಕೆ ಅಂತ ಕೇಳೋದೇ ಬೇಡ. 22 ಸೆಂಟಲ್ಲಿ ನಾಲ್ಕು.

ಆದ್ರೆ ನನ್ನ ಹೊಟ್ಟೆ ಉರಿಸಿದ್ದು ಪಟ್ಟಿ ಅಲ್ಲ. ಪಕ್ಕದ ಮನೆ ಅಜ್ಜಿ, ಎಂಬತ್ತು ದಾಟಿದೆ, ಮೊನ್ನೆ ಕೊಡೆ ಹಿಡ್ಕೊಂಡು ಬಂದು ನಾನು ಕೀಳೋದನ್ನ ನೋಡ್ತಾ ನಿಂತಿದ್ರು. "ಈ ತೋಡಿನ ಬದಿ ಮೊದ್ಲು ಪೂರಾ ಮದ್ದು ಸೊಪ್ಪು ಮಗಾ, ಕಕ್ಕಡದಲ್ಲಿ ಊರಿನವರೆಲ್ಲ ಇಲ್ಲಿಂದಲೇ ಕೊಯ್ಕೊಂಡು ಹೋಗೋರು" ಅಂದ್ರು. ನಾನು ಆ ಕಡೆ ಇನ್ನೂ ಕೈ ಹಾಕಿರ್ಲಿಲ್ಲ. ಇಬ್ರೂ ಸೇರಿ ಬಳ್ಳಿ ಹಾಸು ಚಾಪೆ ಸುತ್ತಿದ ಹಾಗೆ ಎತ್ತಿ ನೋಡಿದ್ರೆ ಕೆಳಗೆ ಬೆಳಕಿಲ್ಲದೆ ಬಿಳಿಚ್ಕೊಂಡ ಎರಡೇ ಎರಡು ಕಡ್ಡಿ ಮದ್ದು ಸೊಪ್ಪು. ಎರಡು. ಒಂದೆಲಗ ಇಲ್ಲ, ತುಂಬೆ ಇಲ್ಲ, ಜರಿಗಿಡ ಒಂದೂ ಇಲ್ಲ. ವರ್ಷಕ್ಕೆ ಒಂದು ದಿನ 18 ಮದ್ದಿನ ಸತ್ವ ಬರತ್ತೆ ಅಂತ ನಂಬಿ ಕಾದು ಪಾಯಸ ಮಾಡ್ಕೊಂಡು ತಿನ್ನೋ ಸೊಪ್ಪು ನಮ್ಮ ಹಿತ್ತಲಲ್ಲೇ ಉಸಿರು ಕಟ್ಟಿ ಹೋಗಿದೆ, ಅದರ ಮೇಲೆ ನಾವು ಹೂವು ನೋಡ್ಕೊಂಡು ಖುಷಿಯಾಗಿ ಫೋಟೋ ತೆಗ್ಸಿದೀವಿ, ಇವತ್ತು ಅದೇ ಸೊಪ್ಪನ್ನ ಮಾರ್ಕೆಟಲ್ಲಿ ದುಡ್ಡು ಕೊಟ್ಟು ತಂದಿದೀವಿ. ಇಷ್ಟಾದ್ರೂ ಬಂದ ನೆಂಟರೆಲ್ಲ ಹೇಳೋದು ಒಂದೇ ಮಾತು, ಅಯ್ಯೋ ಚೆನ್ನಾಗಿದೆಯಲ್ಲ, ಯಾಕೆ ಕೀಳ್ತೀರಿ, ಇರ್ಲಿ ಬಿಡಿ.

ಬರೆ ಹಿಡಿಯತ್ತೆ ಅಂತಾರೆ ಕೆಲವರು. ಈ ಮಾತು ನಾನು ಹಗುರ ಮಾಡಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜರಿದು ಏನಾಯ್ತು ಅಂತ ನೋಡಿದವರು ಯಾರೂ ಬರಿ ಮಣ್ಣಿನ ಬರೆ ಕಂಡ್ರೆ ಹೆದರದೇ ಇರಲ್ಲ, ನಾನೂ ಹೆದರ್ತೀನಿ, ಈಗಲೂ ರಾತ್ರಿ ಜೋರು ಮಳೆ ಬಂದ್ರೆ ಟಾರ್ಚ್ ಹಿಡ್ಕೊಂಡು ಹಿಂದೆ ಹೋಗಿ ನೋಡ್ಕೊಂಡು ಬರ್ತೀನಿ. ಆದ್ರೆ ಕೈಯಿಂದ ಎಳೆದ್ರೆ ಚಾಪೆ ಹಾಗೆ ಎದ್ದು ಬರೋ ಬೇರು ಯಾವ ಗುಡ್ಡ ಹಿಡಿಯತ್ತೆ? ಮೇಲಿನ ಮಣ್ಣು ತೊಳೆದು ಹೋಗದ ಹಾಗೆ ನೋಡ್ಕೋಬಹುದು, ಅಷ್ಟೇ. ಬರೆ ನಿಲ್ಲೋದು ಆಳಕ್ಕೆ ಇಳಿದ ಮರದ ಬೇರಿಂದ, ನೀರು ಹೋಗೋಕೆ ಬಿಟ್ಟ ಕಣಿಯಿಂದ. ಈ ಹಾಸಿನ ಅಡಿ ಒಂದು ಮರದ ಸಸಿ ಆದ್ರೂ ಮೇಲೆ ಬರ್ಬೇಕಲ್ಲ? ಬರಕ್ಕೆ ಬಿಡಲ್ಲ ಇದು. ಲಾವಂಚ ಹುಡುಕ್ತಾ ಇದ್ದಿದ್ದೂ ಅದಕ್ಕೇ, ಅದರ ಬೇರು ಹತ್ತಡಿ ತನಕ ಇಳಿಯತ್ತೆ.

ಇನ್ನೊಬ್ರು ಇದು ಭೃಂಗರಾಜ, ಕೂದಲಿಗೆ ಎಣ್ಣೆ ಕಾಯಿಸಿ ಅಂತ ಮೆಸೇಜ್ ಮಾಡಿದ್ರು. ಅಲ್ಲ. ಹಳದಿ ಹೂವಿನ ಭೃಂಗರಾಜ ಇದರ ದಾಯಾದಿ, ಗಿಡ ಬೇರೆ. ದಯವಿಟ್ಟು ತಲೆಗೆ ಹಚ್ಚಬೇಡಿ.

ಈಗ ಹೇಳಲೇಬೇಕಾದ್ದು ಒಂದಿದೆ. ಕುಶಾಲನಗರದ ಕ್ವಾರ್ಟರ್ಸಲ್ಲಿ ಇದ್ದಾಗ ಬಾವಿ ಕಟ್ಟೆ ಹತ್ರ ನಾನು ಬೆಳೆಸಿದ್ದು ಇದನ್ನೇ. ಯಾರೋ ಕೊಟ್ಟ ಒಂದು ಕಡ್ಡಿ ಐಸ್‌ಕ್ರೀಮ್ ಡಬ್ಬೀಲಿ ಚುಚ್ಚಿ, ಬೇರು ಬಂದ ಮೇಲೆ ನೆಲಕ್ಕೆ ಹಾಕಿದ್ದು. ಸೋಮವಾರಪೇಟೆ ಅಕ್ಕನಿಗೆ ಒಂದು ಚೀಲ ತುಂಬ ಕೊಟ್ಟಿದೀನಿ, ಶಾಲೆ ಕೈತೋಟಕ್ಕೆ ಕೊಟ್ಟಿದೀನಿ, ಇದನ್ನ ಓದ್ತಾ ಇರೋ ನಿಮ್ಮಲ್ಲೂ ಇಬ್ಬರು ಮೂವರಿಗೆ ಕೊಟ್ಟಿದೀನಿ. ಈ ಮನೆ ಮಾರಿದವರ ಮೇಲೆ ಬಂದ ಸಿಟ್ಟು ನನ್ನ ಮೇಲೂ ಅಷ್ಟೇ ಬರತ್ತೆ. ನಂಗೆ ಗೊತ್ತಿರ್ಲಿಲ್ಲ ಅಂತ ನಾನಂದ್ರೆ ಅವರಿಗೂ ಗೊತ್ತಿರ್ಲಿಲ್ಲ. ಹಾಗಾದ್ರೆ ಗೊತ್ತಿದ್ದು ಯಾರಿಗೆ? ಗಿಡ ಮಾರೋ ಕಸುಬಿನವರಿಗಾದ್ರೂ ಗೊತ್ತಿರ್ಬೇಕಲ್ವಾ? ಏನೂ ಮಾಡೋದು ಬೇಡ ಅಂತ ಹೇಳಿ ಮಾರೋವಾಗ ಆಮೇಲೆ ಏನೂ ಮಾಡೋಕಾಗಲ್ಲ ಅನ್ನೋದನ್ನೂ ಹೇಳ್ಬೇಕಲ್ವಾ?

ನಮ್ಮ ಕೊಡಗಿಗೆ ಇದು ಹೊಸದೂ ಅಲ್ಲ. ಹೂವು ಚೆಂದ ಅಂತ ಈ ದೇಶಕ್ಕೆ ತಂದ ಲಂಟಾನ ಕಾಡು ತೋಟ ಎಲ್ಲಾ ನುಂಗೋಕೆ ಶುರು ಮಾಡಿದಾಗ 1914ರಲ್ಲೇ ಇಲ್ಲಿ ಕಳೆಗೆ ಅಂತಾನೇ ಒಂದು ಕಾಯ್ದೆ ಮಾಡಿದ್ರು, ಅವರವರ ಜಮೀನಿನ ಲಂಟಾನ ಅವರವರೇ ತೆಗೀಬೇಕು ಅಂತ. ನೂರು ವರ್ಷದ ಮೇಲಾಯ್ತು. ಆಗಿನ ಜನಕ್ಕೆ ತನ್ನ ಬೇಲಿ ಒಳಗಿನ ಗಿಡ ಪಕ್ಕದವನ ಜಮೀನಿಗೂ ಹೋಗತ್ತೆ ಅಂತ ಅರ್ಥ ಆಗಿತ್ತು. ಇವತ್ತು ನಾವು ಅಂಥದ್ದನ್ನೇ ಕವರಲ್ಲಿ ಹಾಕಿ 40 ರೂಪಾಯಿಗೆ ಮಾರ್ತೀವಿ, ಹೋಂಸ್ಟೇ ಮುಂದೆ ಹಾಸ್ತೀವಿ.

ಕೀಳೋರಿಗೆ ಗೊತ್ತಿರ್ಲಿ, ಮಳೆ ಬಿಟ್ಟ ಮರುದಿನ ಮಣ್ಣು ಸಡಿಲ ಇರೋವಾಗ ಕೈಯಿಂದಲೇ ಬುಡ ಸಮೇತ ತೆಗೀರಿ, ಕತ್ತಿ ಬಳಸ್ಬೇಡಿ, ಗೊಬ್ಬರ ಗುಂಡಿಗೆ ಹಾಕ್ಬೇಡಿ, ತೋಡಿನ ಹತ್ರ ಅಂತೂ ಬೇಡವೇ ಬೇಡ. ನಾನೀಗ ಗೋಣಿಚೀಲಕ್ಕೆ ತುಂಬಿ ಸಿಮೆಂಟ್ ಕಣದ ಮೇಲಿಟ್ಟು ಕಪ್ಪು ಟಾರ್ಪಾಲ್ ಮುಚ್ತಾ ಇದೀನಿ, ಕೊಳೆತು ಕಪ್ಪಾಗೋವರೆಗೂ ತೆಗಿಯಲ್ಲ. ಬರೆಯನ್ನ ಒಂದೇ ಸಲ ಬೋಳು ಮಾಡಲ್ಲ, ನಾಲ್ಕಡಿ ತೆಗೆದ್ರೆ ನಾಲ್ಕಡಿಗೆ ಬೇರೆ ಗಿಡ ಹಾಕಿ ಮುಂದಕ್ಕೆ ಹೋಗೋದು. ಆ ಎರಡು ಕಡ್ಡಿ ಮದ್ದು ಸೊಪ್ಪು ಮುಟ್ಟಿಲ್ಲ. ಅಜ್ಜಿ ಅವರ ಹಿತ್ತಲಿಂದ ಇನ್ನೂ ಆರು ಕಡ್ಡಿ ಮುರಿದು ಕೊಟ್ರು, ಪಕ್ಕದಲ್ಲೇ ಚುಚ್ಚಿದೀನಿ, ನಾಲ್ಕು ಹಿಡ್ಕೊಂಡಿದೆ.

ಅಕ್ಕನಿಗೆ ಫೋನ್ ಮಾಡಿ ಹೇಳಿದೀನಿ, ಭಾನುವಾರ ಚೀಲ ಹಿಡ್ಕೊಂಡು ಸೋಮವಾರಪೇಟೆಗೆ ಬರ್ತೀನಿ ಅಂತ. ಉಳಿದವರೂ, ನನ್ನಿಂದ ತಗೊಂಡವರು, ದಯವಿಟ್ಟು ಫೋನ್ ಮಾಡಿ. ನಾನೇ ಬಂದು ಕಿತ್ತು ಕೊಡ್ತೀನಿ.