ಕಾಮನ್‌ವೆಲ್ತ್ ಪ್ರಬಂಧ ಸ್ಪರ್ಧೆಗೆ ದುಡ್ಡು ಕಟ್ಟಬೇಕಿಲ್ಲ

‘ಕ್ವೀನ್ಸ್ ಕಾಮನ್‌ವೆಲ್ತ್ ಪ್ರಬಂಧ ಸ್ಪರ್ಧೆಗೆ ಶುಲ್ಕ ಕಟ್ಟಬೇಕು, ಅದೂ ಇಂಟರ್‌ನ್ಯಾಷನಲ್ ಶಾಲೆಯ ಮಕ್ಕಳಿಗೆ ಮಾತ್ರ’ ಎಂಬ ಮೆಸೇಜು ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಸುಳ್ಳು.

ರಾಯಲ್ ಕಾಮನ್‌ವೆಲ್ತ್ ಸೊಸೈಟಿ 1883ರಲ್ಲಿ ಶುರು ಮಾಡಿದ ಈ ಸ್ಪರ್ಧೆಗೆ ಪ್ರವೇಶ ಉಚಿತ. ಭಾರತವೂ ಕಾಮನ್‌ವೆಲ್ತ್ ದೇಶವೇ ಅಲ್ವಾ? ಹಾಗಾಗಿ 18 ವರ್ಷದವರೆಗಿನ ನಮ್ಮ ಮಕ್ಕಳು ಯಾವ ಶಾಲೆಯವರಾದರೂ ಬರೆಯಬಹುದು. 14 ತುಂಬದವರಿಗೆ 750 ಪದಗಳ ಮಿತಿ, ದೊಡ್ಡವರಿಗೆ 1,500. ಹೆಸರಿಗಷ್ಟೇ ಇದು ಪ್ರಬಂಧ ಸ್ಪರ್ಧೆ; ಕಥೆ, ಕವಿತೆ, ಪತ್ರ ಕಳಿಸಿದರೂ ನಡೆಯುತ್ತದೆ. ಅಜ್ಜಿಗೆ ಬರೆದಂತೆ ಒಂದು ಕಾಗದ ಬರೆದರೂ ಆಯಿತು, ಸ್ಪರ್ಧೆಯಲ್ಲಿ ಕೊಟ್ಟ ವಿಷಯಕ್ಕೆ ಹೊಂದಬೇಕಷ್ಟೇ.

ಇಂಗ್ಲಿಷಿನಲ್ಲೇ ಬರೆಯಬೇಕು ಎನ್ನುವುದು ಮಾತ್ರ ನಿಜ. ಕನ್ನಡ ಮಾಧ್ಯಮದವರಿಗೆ ಇದು ಸ್ವಲ್ಪ ಕಷ್ಟವೇ, ಒಪ್ಪೋಣ. ‘ಹೆಸರು ನೋಂದಾಯಿಸಿ ಕೊಡ್ತೀವಿ’ ಎಂದು ದುಡ್ಡು ಕೇಳುವವರಿಗೆ ಸುಮ್ನೆ ಕಳಿಸಬೇಡಿ.