ಪುಣ್ಯಾತ್ಮನ ಟೇಪು

ಮನೆಯಲ್ಲೇ ಹಳೇ ಸ್ಪೋರ್ಟ್ಸ್ ಕಾರು ರಿಪೇರಿ ಮಾಡುತ್ತಿದ್ದೇನೆ ಅಂದರೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ಕೈಯಲ್ಲಿ ಸ್ಪ್ಯಾನರು, ಕೆನ್ನೆಗೆ ಅಂದವಾಗಿ ಒಂದು ಚೂರು ಗ್ರೀಸು, ಹಿಂದೆ ಮಿರಿಮಿರಿ ಮಿಂಚುವ ಕೆಂಪು ಕಾರು. ನಿನ್ನೆ ರಾತ್ರಿ ನಾನು ಇದ್ದದ್ದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಕಾಲು ಸೀಟಿನ ಮೇಲೆ, ತಲೆ ಪೆಡಲ್‌ಗಳ ಪಕ್ಕ, ಬಾಯಲ್ಲಿ ಕಚ್ಚಿಕೊಂಡ ಟಾರ್ಚು. ಹಾಗೆ ತಲೆಕೆಳಗಾಗಿ ಮಲಗಿ, ಜನ್ಮದಲ್ಲಿ ಮುಖ ನೋಡಿರದ ಒಬ್ಬ ಮನುಷ್ಯನಿಗೆ ಬೈಯುತ್ತಿದ್ದೆ. ಟಾರ್ಚು ಬಾಯಲ್ಲಿ ಇದ್ದದ್ದರಿಂದ ಬೈಗುಳ ಸರಿಯಾಗಿ ಹೊರಗೂ ಬರುತ್ತಿರಲಿಲ್ಲ. ಅದು ಇನ್ನೊಂದು ಸಂಕಟ.

ಆ ಮನುಷ್ಯ ಈ ಕಾರಿನ ಹಿಂದಿನ ಮಾಲೀಕ. ಹಳೇ ಕಾರು ಇಟ್ಟುಕೊಂಡ ಎಲ್ಲರಿಗೂ ಇಂಥ ಒಬ್ಬ ಗಂಟು ಬಿದ್ದಿರುತ್ತಾನೆ. ಕಾಗದಪತ್ರದಲ್ಲಿ ಅವನಿಗೆ ಹೆಸರೇನೋ ಇದೆ, ಆದರೆ ಮನೆಯಲ್ಲಿ ನಾವು ಅವನನ್ನು ಪುಣ್ಯಾತ್ಮ ಅಂತಲೇ ಕರೆಯುವುದು. ‘ಇವತ್ತು ಪುಣ್ಯಾತ್ಮ ಏನು ಮಾಡಿದ್ದಾನೆ?’ ಅಂತ ಹೆಂಡತಿ ಕೇಳುತ್ತಾಳೆ, ನಾನು ವರದಿ ಒಪ್ಪಿಸುತ್ತೇನೆ.

ಕಾರು ಮಾಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. ಎರಡೇ ಸೀಟು, ಮಡಚುವ ಬಟ್ಟೆ ಛಾವಣಿ, ಎಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲ ಸಲ ತೋರಿಸಿದಾಗ ಜನ ಮುಗಿಬಿದ್ದರು. ಆಮೇಲೆ ತಲೆಮಾರುಗಳು ಬದಲಾದವು, 2016ರ ಹೊತ್ತಿಗೆ ಎಲ್ಲ ಸೇರಿ ಹತ್ತು ಲಕ್ಷ ಕಾರು ತಯಾರಾಗಿದ್ದವು. ಇಷ್ಟೊಂದು ಕಾರುಗಳಲ್ಲಿ ಪುಣ್ಯಾತ್ಮನ ಕೈಗೆ ಸಿಕ್ಕಿದ್ದೇ ನನ್ನ ಪಾಲಿಗೆ ಬರಬೇಕಾ?

ನನ್ನ ಮಾಡಿಫಿಕೇಶನ್ ಪಟ್ಟಿ ದೊಡ್ಡದೇ ಇತ್ತು. ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್, ಒಳ್ಳೇ ಎಕ್ಸಾಸ್ಟ್, ಸೀಟಿನ ಹಿಂದೆ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಕಬ್ಬಿಣದ ಕಮಾನು), ಬ್ರೇಕಿಗೆ ಸ್ಟೀಲ್ ಹೆಣಿಗೆಯ ಪೈಪು. ಇದುವರೆಗೆ ನಾನು ಮಾಡಿರುವುದು ಒಂದೇ ಮಾಡಿಫಿಕೇಶನ್: ಪುಣ್ಯಾತ್ಮನ ಮಾಡಿಫಿಕೇಶನ್‌ಗಳನ್ನು ಕಿತ್ತು ಹಾಕುವುದು. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ತುಕ್ಕು ಇರುತ್ತದೆ, ರಬ್ಬರು ಸೀಳಿರುತ್ತದೆ, ಎಣ್ಣೆ ಜಿನುಗುತ್ತದೆ. ಅದೆಲ್ಲ ವಯಸ್ಸಿನ ಕಾಯಿಲೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಎಂಜಿನಿಯರುಗಳು ಕಟ್ಟಿದ್ದು ಕೆಟ್ಟರೆ ಪುಸ್ತಕ ತೆಗೆದು ನೋಡಿ ಸರಿ ಮಾಡಬಹುದು. ಪುಣ್ಯಾತ್ಮ ಕಟ್ಟಿದ್ದಕ್ಕೆ ಯಾವ ಪುಸ್ತಕ ನೋಡೋಣ ಹೇಳಿ?

ಅವನ ಕೈಗುರುತು ಕಾರಿನ ತುಂಬಾ ಇದೆ. ಸಸ್ಪೆನ್ಷನ್ ನೋಡಿ. ಕಾರು ತಗ್ಗಾಗಿ ಕಾಣಬೇಕು ಅಂತ ಅವನಿಗೂ ಆಸೆ, ಯಾರಿಗಿಲ್ಲ? ಆದರೆ ತಗ್ಗಿನ ಸ್ಪ್ರಿಂಗು ತಂದು ಹಾಕುವ ಬದಲು ಇದ್ದ ಸ್ಪ್ರಿಂಗನ್ನೇ ಗ್ರೈಂಡರ್ ಹಿಡಿದು ಒಂದು ಸುತ್ತು ಕೊಯ್ದಿದ್ದಾನೆ. ಸ್ಪ್ರಿಂಗಿನ ಸುತ್ತು ಕಡಿಮೆಯಾದಷ್ಟೂ ಅದು ಬಿರುಸಾಗುತ್ತದೆ, ಶಾಕ್ ಅಬ್ಸಾರ್ಬರಿಗೆ ಆಡಲು ಜಾಗ ಉಳಿಯುವುದಿಲ್ಲ. ರಸ್ತೆಯಲ್ಲಿ ಸಣ್ಣ ಕಲ್ಲು ಸಿಕ್ಕರೂ ಸುದ್ದಿ ನೇರ ಬೆನ್ನುಮೂಳೆಗೆ ಮುಟ್ಟುತ್ತದೆ.

ಸ್ಕ್ರೂಗಳ ಕಥೆ ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ಜಪಾನಿ ಕಾರುಗಳ ಪ್ಲಸ್ ತಲೆಯ ಸ್ಕ್ರೂಗೂ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರಿಗೂ ಸಣ್ಣ ವ್ಯತ್ಯಾಸ ಇದೆ. ಜೆಐಎಸ್ ಅಂತ ಬೇರೆ ಅಳತೆ. ಕಣ್ಣಿಗೆ ಎರಡೂ ಒಂದೇ. ಆದರೆ ಫಿಲಿಪ್ಸ್ ಹಾಕಿ ಒತ್ತಿ ತಿರುಗಿಸಿದರೆ ಅದು ಜಾರಿ ಮೇಲೆದ್ದು ಸ್ಕ್ರೂ ತಲೆಯನ್ನು ಕೆರೆದು ಹಾಕುತ್ತದೆ. ಪುಣ್ಯಾತ್ಮ ಬಾಗಿಲಿನಿಂದ ಹಿಡಿದು ಬೂಟು, ಅಂದರೆ ಹಿಂದಿನ ಡಿಕ್ಕಿಯವರೆಗೆ ಒಂದು ಸ್ಕ್ರೂವನ್ನೂ ಬಿಟ್ಟಿಲ್ಲ, ಎಲ್ಲದರ ತಲೆಯನ್ನೂ ಸವರಿದ್ದಾನೆ. ಈಗ ಪ್ರತಿಯೊಂದಕ್ಕೂ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಬಡಿಯಬೇಕು.

ಇದೆಲ್ಲ ಹಾಳಾಗಲಿ. ನನ್ನನ್ನು ಕಂಗೆಡಿಸಿರುವುದು ಟೇಪು.

ಕಪ್ಪು ಇನ್ಸುಲೇಷನ್ ಟೇಪು. ಪುಣ್ಯಾತ್ಮನ ಪ್ರಕಾರ ಜಗತ್ತಿನಲ್ಲಿ ಟೇಪಿಗೆ ಬಗ್ಗದ ಸಮಸ್ಯೆ ಇಲ್ಲ. ವೈರು ತುಂಡಾದರೆ ತಿರುಚಿ ಟೇಪು. ಹೋಸು ಸೀಳಿದರೆ ಟೇಪು. ಕಾರ್ಪೆಟ್ಟಿನ ಅಂಚು ಎದ್ದರೆ ಟೇಪು. ಛಾವಣಿಯ ಹಿಂದೆ ಮಳೆನೀರು ಹೊರಗೆ ಹೋಗಲು ಎರಡು ಕಿಂಡಿ ಇರುತ್ತವೆ. ಎಲೆ, ಮಣ್ಣು ತುಂಬಿ ಅವು ಕಟ್ಟಿಕೊಂಡರೆ ನೀರು ಕಾರಿನ ಒಳಗೆ ಬರುತ್ತದೆ, ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಂತು ಒಳಗಿಂದಲೇ ತುಕ್ಕು ಹಿಡಿಸುತ್ತದೆ. ಬಾಗುವಂಥದ್ದು ಏನಾದರೂ ತೂರಿಸಿ ಕಸ ತಳ್ಳಿದರೆ ಮುಗಿಯುವ ಕೆಲಸ. ಪುಣ್ಯಾತ್ಮ ಏನು ಮಾಡಿದ್ದಾನೆ ಗೊತ್ತಾ? ನೀರು ಒಳಗೆ ಬರುವ ಜಾಗಕ್ಕೆ ಟೇಪು ಹಚ್ಚಿದ್ದಾನೆ! ನೀರು ಪಾಪ ಟೇಪು ನೋಡಿ ವಾಪಸ್ ಹೋಗಲಿ ಅಂತಲೋ ಏನೋ.

ಈ ಟೇಪಿಗೆ ವಯಸ್ಸಾದ ಮೇಲೆ ಒಂದು ಗುಣ ಬರುತ್ತದೆ. ಅಂಟಬೇಕಾದ ಕಡೆ ಅಂಟುವುದಿಲ್ಲ, ಮಿಕ್ಕ ಎಲ್ಲ ಕಡೆ ಅಂಟುತ್ತದೆ. ವೈರಿನಿಂದ ತಾನಾಗಿ ಬಿಚ್ಚಿಕೊಂಡು ಜೋತಾಡುತ್ತಿರುತ್ತದೆ, ಅದರ ಗೋಂದು ಮಾತ್ರ ವೈರಿನ ಮೇಲೆ ಕಪ್ಪಗೆ ಉಳಿದಿರುತ್ತದೆ. ಮುಟ್ಟಿದರೆ ಬೆರಳಿಗೆ, ಬೆರಳಿನಿಂದ ಮೂಗಿಗೆ, ಮೂಗಿನಿಂದ ಕರವಸ್ತ್ರಕ್ಕೆ. ಮೊನ್ನೆ ಮಗಳ ಶಾಲೆಯ ಡೈರಿಗೆ ಸಹಿ ಹಾಕಿದೆ, ಹೆಬ್ಬೆರಳ ಗುರುತೂ ಬಿತ್ತು. ‘ಅಪ್ಪ, ಮಿಸ್ಸು ನಿಮಗೆ ಸಹಿ ಬರಲ್ವಾ ಅಂತ ಕೇಳ್ತಾರೆ’ ಅಂದಳು.

ಇನ್ನು ಕಣ್ಣಿನ ವಿಷಯಕ್ಕೆ ಬರುತ್ತೇನೆ. ಈ ತಲೆಮಾರಿನ ಕಾರಿಗೆ ಹೆಡ್‌ಲೈಟು ಮುಚ್ಚಿಕೊಂಡು ಮಲಗಿರುತ್ತವೆ, ಸ್ವಿಚ್ ಹಾಕಿದರೆ ಎರಡೂ ಒಟ್ಟಿಗೆ ಮೇಲೇಳುತ್ತವೆ. 1998ರಲ್ಲಿ ಎರಡನೇ ತಲೆಮಾರು ಬಂದಾಗ ಈ ಏಳುವ ದೀಪ ತೆಗೆದುಬಿಟ್ಟರು. ನಾನು ಈ ಕಾರು ಕೊಂಡದ್ದಕ್ಕೆ ಅರ್ಧ ಕಾರಣ ಈ ದೀಪಗಳೇ. ಬೇರೆ ಕಾರಣ ಹೇಳಿದರೆ ಅದು ಸುಳ್ಳು.

ಬ್ಯಾಟರಿ ಹೊಸದು ಹಾಕಿದ ದಿನ ಸಂಜೆ, ಎಲ್ಲ ಸರಿಯಾಗಿದೆಯಾ ನೋಡೋಣ ಅಂತ ಒಂದೊಂದೇ ಸ್ವಿಚ್ ಒತ್ತುತ್ತಾ ಬಂದೆ. ಇಂಡಿಕೇಟರ್ ಸರಿ. ವೈಪರ್ ಸರಿ. ಅಷ್ಟರಲ್ಲಿ ಎದುರುಮನೆಯ ಹಿರಿಯರು ವಾಕಿಂಗ್ ಹೊರಟವರು ಕಾರಿನ ಮುಂದೆ ಬಂದರು. ಬಹಳ ಗಂಭೀರ ಮನುಷ್ಯ, ಲೆಕ್ಕಪತ್ರದ ಕೆಲಸದಲ್ಲಿದ್ದು ನಿವೃತ್ತರಾದವರು, ನಕ್ಕಿದ್ದನ್ನು ಯಾರೂ ನೋಡಿಲ್ಲ. ನಾನು ಅದೇ ಗಳಿಗೆಯಲ್ಲಿ ಹಾರ್ನ್ ಒತ್ತಿದೆ. ಹಾರ್ನ್ ಬಡಿದುಕೊಂಡಿತು. ಜೊತೆಗೇ ಎಡಗಡೆಯ ದೀಪವೊಂದೇ ಟಕ್ ಅಂತ ಎದ್ದಿತು.

ಕಾರು ಅವರಿಗೆ ಕಣ್ಣು ಹೊಡೆಯಿತು.

ಅವರು ನಿಂತರು. ಕಾರನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಕ್ಷಣ ಕೈ ತೆಗೆದೆ, ಆದರೆ ಎದ್ದ ದೀಪ ಇಳಿಯಲಿಲ್ಲ. ಇಳಿಸೋಣ ಅಂತ ಗಡಿಬಿಡಿಯಲ್ಲಿ ಲೈಟ್ ಸ್ವಿಚ್ ಹಾಕಿದೆ, ಇನ್ನೊಂದೂ ಎದ್ದಿತು. ಆರಿಸಿದೆ, ಎರಡೂ ಮಲಗಿದವು. ಸದ್ಯ ಅಂದುಕೊಂಡು ಬಾಗಿಲು ತೆಗೆದು ಇಳಿಯಲು ಹೋದರೆ ಮೊಣಕೈ ಸ್ಟಿಯರಿಂಗಿಗೆ ತಗುಲಿತು. ಮತ್ತೆ ಪೋಂ, ಮತ್ತೆ ಎಡಗಣ್ಣು. ‘ಸಾರ್, ವೈರಿಂಗು...’ ಅಂದೆ. ಅವರು ‘ಇರಲಿ ಇರಲಿ’ ಅಂದು ಹೆಜ್ಜೆ ಜೋರು ಮಾಡಿದರು. ಅವತ್ತಿನಿಂದ ನಮ್ಮ ಮನೆ ಮುಂದೆ ಹಾದು ಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಾರೆ.

ಮಕ್ಕಳಿಗೆ ವಿಷಯ ಗೊತ್ತಾಗಲು ಎಷ್ಟು ಹೊತ್ತು ಬೇಕು? ಮರುದಿನದಿಂದ ಸಂಜೆಯಾದರೆ ಗೇಟಿನ ಹತ್ತಿರ ಗುಂಪು. ‘ಅಂಕಲ್, ಒಂದ್ಸಲ ಕಣ್ ಹೊಡ್ಸಿ ಅಂಕಲ್.’ ಒಂದು ಸಲ ಅಂತ ಶುರುವಾದದ್ದು ಬ್ಯಾಟರಿ ಸುಸ್ತಾಗುವವರೆಗೆ ನಡೆಯಿತು. ಕೊನೆಗೆ ದೀಪ ಎದ್ದದ್ದು ಅರ್ಧಕ್ಕೇ ನಿಂತಿತು. ಈ ದೀಪದ ಮೋಟರಿನ ಮೇಲೆ ಒಂದು ರಬ್ಬರ್ ಮುಚ್ಚಳ ಇರುತ್ತದೆ, ಅದರ ಕೆಳಗೆ ಕೈಯಲ್ಲಿ ತಿರುಗಿಸುವ ಗುಂಡಿ. ಬಾನೆಟ್ ಎತ್ತಿ ಅದನ್ನು ತಿರುವಿ ತಿರುವಿ ದೀಪ ಇಳಿಸಬೇಕು. ನಾನು ತಿರುವುತ್ತಿದ್ದರೆ ಮಕ್ಕಳು ಸುತ್ತ ನಿಂತು ‘ಮಲಗ್ತಾ ಇದೆ, ಮಲಗ್ತಾ ಇದೆ’ ಅಂತ ಕಾಮೆಂಟರಿ.

ಹಾರ್ನಿಗೂ ಹೆಡ್‌ಲೈಟಿಗೂ ಏನು ಸಂಬಂಧ? ಕಾರ್ಖಾನೆಯ ವೈರಿಂಗ್ ನಕ್ಷೆಯ ಪ್ರಕಾರ ಯಾವ ಸಂಬಂಧವೂ ಇಲ್ಲ. ಅಲ್ಲಿಗೆ ಇದು ಪುಣ್ಯಾತ್ಮ ಮಾಡಿಸಿದ ಸಂಬಂಧ ಅಂತ ಖಾತ್ರಿಯಾಯಿತು. ಹಾರ್ನ್ ಹತ್ತಿರ ಮಲ್ಟಿಮೀಟರ್ ಹಿಡಿದು ನಾನು ಬಗ್ಗಬೇಕು, ಒಳಗೆ ಕೂತು ಒಬ್ಬರು ಹಾರ್ನ್ ಒತ್ತಬೇಕು. ಹೆಂಡತಿಯನ್ನು ಕರೆದೆ. ಬಂಪರ್ ಹಿಂದೆ ತಲೆ ತೂರಿಸಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಮೀಟರಿನ ಮೊನೆ ಇಡಲು ಜಾಗ ಹುಡುಕುತ್ತಿದ್ದೆ.

‘ರೀ, ಈಗ ಒತ್ತಲಾ?’

‘ಬೇಡ, ತಾಳು’ ಅಂದೆ. ಬಾಯಲ್ಲಿ ಟಾರ್ಚು. ಅವಳಿಗೆ ಏನು ಕೇಳಿಸಿತೋ, ಒತ್ತಿದಳು. ಹಾರ್ನ್ ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿತ್ತು. ಬೆಚ್ಚಿ ತಲೆ ಎತ್ತಿದರೆ ಬಾನೆಟ್ಟಿಗೆ ಬಡಿಯಿತು. ಟಾರ್ಚು ಬಾಯಿಂದ ಜಾರಿ ಎಂಜಿನ್ನಿನ ಸಂದಿಯಲ್ಲಿ ಬಿತ್ತು, ಬಿದ್ದಲ್ಲೇ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಕಂಡದ್ದೇ ಟೇಪಿನ ಒಂದು ದಪ್ಪ ಗಂಟು. ‘ಸಿಕ್ತಾ?’ ಅಂದಳು. ಸಿಕ್ಕಿತ್ತು. ಅವಳು ಈಗಲೂ ತಾನೇ ಕಂಡುಹಿಡಿದದ್ದು ಅಂತ ಹೇಳಿಕೊಂಡು ಓಡಾಡುತ್ತಾಳೆ. ನನ್ನ ಬಲಗಿವಿಗೆ ಅದು ಸರಿಯಾಗಿ ಕೇಳಿಸುವುದೂ ಇಲ್ಲ.

ಪುಣ್ಯಾತ್ಮ ಎರಡನೇ ಹಾರ್ನ್ ಒಂದನ್ನು ಹಾಕಿಸಿಕೊಂಡಿದ್ದ, ಲಾರಿಯಷ್ಟು ಜೋರಿನದು. ಅದಕ್ಕೆ ರಿಲೇ ಇಲ್ಲ, ಫ್ಯೂಸ್ ಇಲ್ಲ. ಸ್ಪೀಕರ್ ವೈರನ್ನು ಎಳೆದು, ಮಧ್ಯದಲ್ಲಿ ಎಲ್ಲೋ ಇನ್ಸುಲೇಷನ್ ಕೆರೆದು, ಎಡದೀಪವನ್ನು ಮೇಲೆತ್ತುವ ವೈರಿನ ಜೊತೆಗೇ ತಿರುಚಿ ಟೇಪು ಸುತ್ತಿದ್ದಾನೆ. ಹಾರ್ನಿಗೆ ಕರೆಂಟು ಹೋದರೆ ದೀಪದ ಮೋಟರಿಗೂ ಒಂದು ಪಾಲು. ಕೆಳಗಿಳಿಸುವ ವೈರು ಬೇರೆ, ಅದನ್ನು ಇವನು ಮುಟ್ಟಿಲ್ಲ, ಹಾಗಾಗಿ ಎದ್ದದ್ದು ಇಳಿಯುತ್ತಿರಲಿಲ್ಲ. ಅಷ್ಟೂ ಗಂಟುಗಳನ್ನು ಕತ್ತರಿಸಿ, ಸರಿಯಾದ ಕನೆಕ್ಟರು ಒತ್ತಿ ಕೂರಿಸಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ ಮುಗಿಸುವಷ್ಟರಲ್ಲಿ ಬೆನ್ನು ಬಿಲ್ಲಾಗಿತ್ತು. ಈಗ ಹಾರ್ನ್ ಒತ್ತಿದರೆ ಬರೀ ಹಾರ್ನ್ ಆಗುತ್ತದೆ. ಮಕ್ಕಳು ಎರಡು ದಿನ ಬಂದು ನೋಡಿ, ‘ಹಾಳು ಮಾಡ್ಬಿಟ್ರು’ ಅಂತ ಹೋದರು.

ಹೀಗೆ ಮನಸಾರೆ ಬೈಯುತ್ತಾ ಇದ್ದವನಿಗೆ ನಿನ್ನೆ ಒಂದು ಚೀಟಿ ಸಿಕ್ಕಿತು. ಬೂಟಿನಲ್ಲಿ, ಬ್ಯಾಟರಿ ಪಕ್ಕದ ಹಲಗೆಯ ಹಿಂದೆ. ಈ ಕಾರಿನಲ್ಲಿ ಬ್ಯಾಟರಿ ಇರುವುದು ಬೂಟಿನಲ್ಲೇ. ಮಾಡಬೇಕಾದ ಕೆಲಸಗಳ ಪಟ್ಟಿ, ಪೆನ್ಸಿಲ್ಲಿನಲ್ಲಿ ಬರೆದದ್ದು, ಅಕ್ಷರ ದುಂಡಗೆ. ಛಾವಣಿಯ ಬಟ್ಟೆ ಬದಲು. ಬಾಗಿಲ ಕೆಳಗಿನ ತುಕ್ಕು. ಸರಿಯಾದ ಸ್ಪ್ರಿಂಗು. ರೋಲ್ ಬಾರ್. ಹಾರ್ನ್. ನನ್ನ ಪಟ್ಟಿಯನ್ನೇ ಯಾರೋ ಮುಂಚೆ ಕದ್ದು ಬರೆದಂತಿತ್ತು. ಅದರಲ್ಲಿ ಟಿಕ್ ಬಿದ್ದದ್ದು ಹಾರ್ನಿಗೆ ಮಾತ್ರ. ಎಲ್ಲಕ್ಕಿಂತ ಕೆಳಗೆ, ಸ್ವಲ್ಪ ಜಾಗ ಬಿಟ್ಟು, ‘ಇಬ್ಬರೂ ಹೋಗಿ ಬರೋದು’ ಅಂತ ಇತ್ತು. ಅದಕ್ಕೂ ಟಿಕ್ ಇಲ್ಲ.

ಸುಮ್ಮನೆ ಕೂತೆ ಸ್ವಲ್ಪ ಹೊತ್ತು. ಯಾರು ಇಬ್ಬರು, ಎಲ್ಲಿಗೆ, ಯಾಕೆ ಆಗಲಿಲ್ಲ? ಕಾರು ಮಾರುವ ದಿನ ಈ ಚೀಟಿ ಇಲ್ಲೇ ಇದೆ ಅನ್ನುವುದು ಅವನಿಗೆ ನೆನಪಿತ್ತೋ ಇಲ್ಲವೋ. ಟೇಪು ಸುತ್ತುವವನು ಕೂಡ ಕಾರು ಓಡಲಿ ಅಂತಲೇ ಸುತ್ತುತ್ತಾನಲ್ಲ. ಸರಿಯಾದ ಭಾಗ ಸಿಗುವವರೆಗೆ ಸದ್ಯಕ್ಕೆ ಇರಲಿ ಅಂತ.

ಚೀಟಿಯನ್ನು ಜೋಪಾನವಾಗಿ ಎತ್ತಿಡೋಣ ಅಂತ ಮೆಲ್ಲಗೆ ಎಳೆದೆ. ಟೇಪು ಹಾಕಿ ಅಂಟಿಸಿದ್ದ. ಚೀಟಿಯ ಜೊತೆ ಬೂಟಿನ ಒಳಗಿನ ಒರಿಜಿನಲ್ ಪೇಂಟು ಅಂಗೈ ಅಗಲ ಕಿತ್ತುಬಂತು. ಇಡೀ ಕಾರಿನಲ್ಲಿ ತುಕ್ಕು ಹಿಡಿಯದೆ ಉಳಿದಿದ್ದ ಜಾಗ ಅದೊಂದೇ. ಆಮೇಲೆ ಡ್ಯಾಶ್‌ಬೋರ್ಡಿನ ಅಡಿಗೆ ಹೋಗಿ ಟಾರ್ಚು ಕಚ್ಚಿಕೊಂಡೆ, ಮುಂದಿನದು ನಿಮಗೆ ಗೊತ್ತೇ ಇದೆ.

ಇವತ್ತು ಬೆಳಗ್ಗೆ ಎಂಜಿನ್ನಿನ ಸೆನ್ಸರ್ ಒಂದನ್ನು ಬಿಚ್ಚಬೇಕಿತ್ತು. ಹತ್ತು ಎಂಎಂ ಬೋಲ್ಟು. ಜಪಾನಿ ಕಾರಿನಲ್ಲಿ ಬೋಲ್ಟಿನ ತಲೆಗೆ ತೊಡಿಸಿ ತಿರುಗಿಸುವ ಹತ್ತು ಎಂಎಂ ಸಾಕೆಟ್ ಇಲ್ಲದೆ ಏನೂ ನಡೆಯುವುದಿಲ್ಲ, ಕೆಲಸ ಶುರು ಮಾಡುವಾಗ ಮಾಯವಾಗುವುದೂ ಅದೇ. ನನ್ನದು ಎಂದಿನಂತೆ ಕಾಣಲಿಲ್ಲ. ಕೆಳಗೆ ನುಸುಳಿ ಹುಡುಕುತ್ತಿದ್ದರೆ ಎಂಜಿನ್ ಹೊತ್ತಿರುವ ಕಬ್ಬಿಣದ ಚೌಕಟ್ಟಿನ ಮೂಲೆಯಲ್ಲಿ ಕೈಗೆ ಒಂದು ಸಾಕೆಟ್ ತಾಗಿತು. ಮಣ್ಣು, ಎಣ್ಣೆ ಸೇರಿ ಮೆತ್ತಿಕೊಂಡಿತ್ತು. ಒರೆಸಿ ನೋಡಿದರೆ ಹತ್ತು ಎಂಎಂ, ಆದರೆ ನನ್ನದಲ್ಲ. ಪುಣ್ಯಾತ್ಮನದು. ನನ್ನದಕ್ಕಿಂತ ಒಳ್ಳೇ ಉಕ್ಕು, ಬೋಲ್ಟಿನ ತಲೆಗೆ ಬಿಗಿಯಾಗಿ ಕೂರುತ್ತದೆ, ಒಂದು ಚೂರೂ ಜಾರುವುದಿಲ್ಲ. ಬೋಲ್ಟು ಸಲೀಸಾಗಿ ಬಂತು.

ಹನ್ನೆರಡು ಎಂಎಂ ಸಾಕೆಟ್ಟೂ ನನ್ನ ಹತ್ತಿರ ಕಾಣಿಸುತ್ತಿಲ್ಲ. ಇವನದೂ ಒಂದು ಇಲ್ಲೇ ಎಲ್ಲೋ ಬಿದ್ದಿರಲೇಬೇಕು. ಮಧ್ಯಾಹ್ನದಿಂದ ಅದನ್ನೇ ಹುಡುಕುತ್ತಿದ್ದೇನೆ.