ಸತ್ಯಾಂಶ: ಅಪಘಾತಕ್ಕೆ ಹೆದರಿ ಫೋನಿನ ಲಾಕ್ ತೆಗೆಯಬೇಡಿ

‘ಲಾಕ್ ಇದ್ದರೆ ಅಪಘಾತವಾದಾಗ ಮನೆಯವರಿಗೆ ಸುದ್ದಿ ಮುಟ್ಟಲ್ಲ, ಪಾಸ್‌ಕೋಡ್ ತೆಗೆಯಿರಿ’ ಎಂಬ ಮೆಸೇಜು ವಿಜಯಪುರದ ವಾಟ್ಸಾಪ್ ಗ್ರೂಪಿನಲ್ಲಿ ಬಂದರೆ ನಂಬಬೇಡಿ. ತೆಗೆದರೆ ಬ್ಯಾಂಕಿನ ಓಟಿಪಿಯೂ ಕಳ್ಳನ ಕೈಗೆ. ಲಾಕ್ ಇದ್ದರೂ 112ಕ್ಕೆ ಕರೆ ಹೋಗುತ್ತದೆ. ಮನೆಯವರ ನಂಬರನ್ನೂ ಲಾಕ್ ತೆಗೆಯದೆ ಬೇರೆಯವರಿಗೆ ಕಾಣುವಂತೆ ಇಡಬಹುದು.

ಐಫೋನಿನ ಹೆಲ್ತ್ ಆ್ಯಪ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ‘ಮೆಡಿಕಲ್ ಐಡಿ’ಯಲ್ಲಿ ಕಾಯಿಲೆ, ಗುಳಿಗೆ, ಮನೆಯವರ ನಂಬರ್ ತುಂಬಿ. ‘ಶೋ ವೆನ್ ಲಾಕ್ಡ್’ ಆನ್ ಇರಲಿ. ಇದು ಆಫ್ ಇದ್ದರೆ ಬರೆದದ್ದೆಲ್ಲ ವ್ಯರ್ಥ. ಆಂಡ್ರಾಯ್ಡ್‌ನಲ್ಲಿ ಈ ಸೌಲಭ್ಯಕ್ಕೆ ಕಂಪನಿಗೊಂದು ಹೆಸರು, ಸೆಟ್ಟಿಂಗ್ಸ್‌ನಲ್ಲಿ ‘ಎಮರ್ಜೆನ್ಸಿ’ ಎಂದು ಹುಡುಕಿ.

ರಕ್ತದ ಗುಂಪನ್ನು ಆಸ್ಪತ್ರೆಯವರು ಹೇಗೂ ಮತ್ತೆ ಪರೀಕ್ಷಿಸುತ್ತಾರೆ. ‘ಪೆನಿಸಿಲಿನ್ ಆಗಿಬರಲ್ಲ’, ‘ರಕ್ತ ತೆಳುಮಾಡುವ ಗುಳಿಗೆ ನಡೆದಿದೆ’ ಎಂಬ ಸಾಲುಗಳೇ ಅವರಿಗೆ ಹೆಚ್ಚು ಬೇಕಾದವು. ತುಂಬಿದ ಮೇಲೆ ಫೋನ್ ಲಾಕ್ ಮಾಡಿ, ‘ಎಮರ್ಜೆನ್ಸಿ’ ಒತ್ತಿ, ಕಾಣುತ್ತದೆಯೇ ನೋಡಿ.